ನಾಲ್ಕನೇ ನಂಬರಿನ ರಸ್ತೆ

ನಮ್ಮ ಹಿರಿಯೂರಿನ ಪಕ್ಕದ ಆದಿವಾಲದ ಕಡೆಯ ಯಾವುದಾದರೂ ಹಳೆಯ ಕ್ರಯಪತ್ರ ಬಿಚ್ಚಿ, ಚಕ್ಕುಬಂದಿ ಬರೆದಿರುವ ಪುಟ ತೆಗೆಯಿರಿ. ಪೂರ್ವಕ್ಕೆ ಇಂಥವರ ಬಾಬ್ತು ಜಮೀನು, ಉತ್ತರಕ್ಕೆ ನಾಲೆ, ದಕ್ಷಿಣಕ್ಕೆ ಓಣಿ, ಪಶ್ಚಿಮಕ್ಕೆ ಎನ್.ಎಚ್.-4 ರಸ್ತೆ ಎಂಬಂಥ ಸಾಲುಗಳಿರುತ್ತವೆ. ಆ ಬಾಬ್ತುದಾರರು ತೀರಿಕೊಂಡಿರಬಹುದು, ನಾಲೆಯಲ್ಲಿ ಹೂಳು ತುಂಬಿರಬಹುದು. ರಸ್ತೆ ಮಾತ್ರ ಅಲ್ಲೇ ಇದೆ. ಮೊದಲಿಗಿಂತ ಎಷ್ಟೋ ಅಗಲವಾಗಿ, ಹಗಲು ರಾತ್ರಿ ಎನ್ನದೆ ದಡಬಡಿಸುತ್ತಿದೆ. ಆದರೆ ಪತ್ರದಲ್ಲಿ ಬರೆದಿರುವ ಎನ್.ಎಚ್.-4 ಇವತ್ತು ಕರ್ನಾಟಕದಲ್ಲಿ ಎಲ್ಲಿಯೂ ಇಲ್ಲ. ಬಂಗಾಳ ಕೊಲ್ಲಿ ದಾಟಿ ಅಂಡಮಾನ್ ಸೇರಿದೆ.

2010ರಲ್ಲಿ ಕೇಂದ್ರ ಸರ್ಕಾರ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸದಾಗಿ ನಂಬರು ಹಾಕಿತು. ಉತ್ತರ–ದಕ್ಷಿಣವಾಗಿ ಸಾಗುವ ಮುಖ್ಯ ರಸ್ತೆಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆಲ್ಲ ಆ ಸಂಖ್ಯೆ ಏರುತ್ತದೆ. ಪೂರ್ವ–ಪಶ್ಚಿಮದ ರಸ್ತೆಗಳಿಗೆ ಬೆಸಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಈ ಲೆಕ್ಕದ ಪ್ರಕಾರ ನಾಲ್ಕು ಎಂಬ ಸಣ್ಣ ಸಮಸಂಖ್ಯೆ ದೇಶದ ತೀರಾ ಪೂರ್ವಕ್ಕೆ ಸಲ್ಲಬೇಕು. ಹಾಗಾಗಿ ಆಗಿನ ಪೋರ್ಟ್‌ಬ್ಲೇರ್‌ನಿಂದ ಡಿಗ್ಲಿಪುರದ ಕಡೆಗೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆಗೆ ಅದು ಸಿಕ್ಕಿತು. ನಡುವೆ ಕಡಲ ಕಾಲುವೆ ಅಡ್ಡ ಬಂದಲ್ಲಿ ವಾಹನಗಳನ್ನು ದೋಣಿಗೆ ಹತ್ತಿಸಿ ದಾಟಿಸುವ ರಸ್ತೆ ಅದು. ನಮ್ಮ ರಸ್ತೆಯನ್ನು ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬೈ, ಬೆಂಗಳೂರು ಹಾಯ್ದು ಚೆನ್ನೈಗೆ ಹೋಗುವ ಉದ್ದನೆಯ 48ರೊಳಗೆ ಸೇರಿಸಿದರು. ಆ 48 ಕೂಡ ನಮಗೆ ಹೊಸದಾಗಿ ಹುಟ್ಟಿದ್ದಲ್ಲ. ಅದುವರೆಗೆ ಅದು ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರ ನಂಬರು. ಅವರಿಗೆ 75 ಕೊಟ್ಟರು. ಚಿತ್ರದುರ್ಗದಲ್ಲಿ ನಮ್ಮ ರಸ್ತೆಯನ್ನು ಕೂಡುತ್ತಿದ್ದ ಸೊಲ್ಲಾಪುರ–ಮಂಗಳೂರು ರಸ್ತೆಯ 13 ಅರುಣಾಚಲ ಪ್ರದೇಶಕ್ಕೆ ಹೋಯಿತು.

ಲೆಕ್ಕ ಸರಿಯಾಗಿಯೇ ಇದೆ. ನಂಬರು ಕೇಳಿದರೆ ರಸ್ತೆಯ ದಿಕ್ಕು ಗೊತ್ತಾಗಬೇಕು ಎಂಬುದರಲ್ಲಿ ತಪ್ಪು ಹುಡುಕಲಾರೆ. ನನ್ನ ಸಂಕಟ ಬೇರೆ.

ಹಿರಿಯೂರಿಗೆ ರೈಲಿಲ್ಲ. ತುಮಕೂರಿನಿಂದ ದಾವಣಗೆರೆಗೆ ಹಾಕುತ್ತಿರುವ ಹೊಸ ಮಾರ್ಗದ ಕೆಲಸ ಈಗ ನಡೆಯುತ್ತಿದೆ. ಹಾಗಾಗಿ ನಮ್ಮ ಸೀಮೆಗೆ ಹೊರಗಿನ ಪ್ರಪಂಚ ಬಂದದ್ದೂ, ನಮ್ಮವರು ಹೊರಗೆ ಹೋದದ್ದೂ ಈ ಒಂದೇ ದಾರಿಯಲ್ಲಿ. ವಾಣಿವಿಲಾಸ ಸಾಗರದ ನೀರು ಕುಡಿದ ತೋಟಗಳ ತೆಂಗಿನಕಾಯಿ, ಮಳೆ ನಂಬಿ ಬೆಳೆದ ಈರುಳ್ಳಿ, ಶೇಂಗಾ ಎಲ್ಲವೂ ಈ ರಸ್ತೆಗೆ ಬಂದು ಲಾರಿ ಹತ್ತಬೇಕಿತ್ತು. ನಮ್ಮ ಸೋದರಮಾವ ಈರುಳ್ಳಿ ಲೋಡು ಹಾಕಿಕೊಂಡು ಯಶವಂತಪುರದ ಮಂಡಿಗೆ ಹೋಗುತ್ತಿದ್ದರು. ಅವರ ಬಾಯಲ್ಲಿ ರಸ್ತೆಗೆ ಬೇರೆ ಹೆಸರೇ ಇರಲಿಲ್ಲ. ‘ಎನ್ನೆಚ್ ಫೋರ್ ಬಿಟ್ಟು ಒಳಗೆ ಇಳಿಬ್ಯಾಡ’ ಎಂದು ಕ್ಲೀನರ್ ಹುಡುಗರಿಗೆ ಹೇಳುತ್ತಿದ್ದರು. ಒಳಗೆ ಇಳಿದರೆ ಕೆಸರು, ಕಳ್ಳರು, ಮುರಿದ ಆಕ್ಸಲ್ಲು. ನಾಲ್ಕರ ಮೇಲಿದ್ದರೆ ಪಂಕ್ಚರ್ ಅಂಗಡಿ, ಡಾಬಾ, ಬೆಳಕು, ಜನ. ಅವರ ತಂದೆಯ ಕಾಲದವರು ಅದನ್ನೇ ಪೂನಾ ರಸ್ತೆ ಅನ್ನುತ್ತಿದ್ದರಂತೆ. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಊರೊಳಗಿನ ಹಳೆಯ ದಾರಿ ಇಂದಿಗೂ ಪಿ.ಬಿ. ರಸ್ತೆ. ಪೂನಾ–ಬೆಂಗಳೂರು ಎಂದು ಬಿಡಿಸಿ ಹೇಳುವವರು ಕಡಿಮೆಯಾದರೂ ಆ ಎರಡು ಅಕ್ಷರ ಉಳಿದಿವೆ. ಊರಿನವರು ಇಟ್ಟುಕೊಂಡ ಹೆಸರಾದ್ದರಿಂದ ಅದನ್ನು ತೆಗೆಯಲು ಯಾರಿಗೂ ಆಗಲಿಲ್ಲ. ಎನ್.ಎಚ್.-4 ದೆಹಲಿಯವರು ಇಟ್ಟದ್ದು, ಅವರೇ ತೆಗೆದರು.

ನನಗೆ ಅಂಕಿ ಕಲಿಸಿದ್ದು ಕಿಲೋಮೀಟರ್ ಕಲ್ಲು. ಮಳೆಗಾಲ ಕಳೆದ ಮೇಲೆ ಗ್ಯಾಂಗ್‌ಮನ್ ಒಬ್ಬ ಸುಣ್ಣದ ಬಕೆಟ್ಟು, ಎರಡು ಬಣ್ಣದ ಡಬ್ಬಿ ಹಿಡಿದು ಸೈಕಲ್ಲಿನಲ್ಲಿ ಬರುತ್ತಿದ್ದ. ಮೊದಲು ಕಲ್ಲಿಗೆ ಅಂಟಿದ ಕೆಮ್ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುತ್ತಿದ್ದ. ಮೈಗೆಲ್ಲ ಬಿಳಿ, ದುಂಡನೆಯ ತಲೆಗೆ ಹಳದಿ. ಹಳದಿ ಒಣಗುವವರೆಗೆ ಬೀಡಿ ಹಚ್ಚಿ ಕೂತಿದ್ದು, ಆಮೇಲೆ ಸಣ್ಣ ಕುಂಚ ತೆಗೆದು ಉಸಿರು ಬಿಗಿಹಿಡಿದು ತಲೆಯ ಮೇಲೆ 4 ಬರೆಯುತ್ತಿದ್ದ. ಕೆಳಗೆ ಊರ ಹೆಸರು, ದೂರ. ಊರು, ದೂರ ಬರೆಯುವಾಗ ಅವನು ನಮ್ಮ ಜೊತೆ ಮಾತಾಡುತ್ತಿದ್ದ. ನಾಲ್ಕು ಬರೆಯುವಾಗ ಮಾತ್ರ ಯಾರೂ ಕಮಕ್ ಕಿಮಕ್ ಅನ್ನಬಾರದು. ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಬರೆಯುತ್ತಿದ್ದ. ಅಷ್ಟು ಶ್ರದ್ಧೆಯಿಂದ ಬರೆದ ನಾಲ್ಕನ್ನು ಆಮೇಲೆ ಯಾವ ಮೇಷ್ಟರ ಬೋರ್ಡಿನ ಮೇಲೂ ನಾನು ಕಾಣಲಿಲ್ಲ. 1999ರಲ್ಲಿ ಶಂಕುಸ್ಥಾಪನೆಯಾದ ಸುವರ್ಣ ಚತುಷ್ಪಥ ಯೋಜನೆಯ ಅಗಲೀಕರಣಕ್ಕೆ ರಸ್ತೆ ಬದಿಯ ಹುಣಸೆ, ಆಲದ ಮರಗಳು ಹೋದವು. ಕಲ್ಲುಗಳೂ ಹೋದವು. ಅಂಥದೊಂದು ಕಲ್ಲು ಒಬ್ಬರ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿದೆ. ಹಳದಿ ತಲೆ ಮಣ್ಣಿನೊಳಗಿದೆ.

ಅಮೆರಿಕದ ಸ್ಟಾಕ್ ಕಾರ್ ರೇಸಿನವರು ಒಂದು ಅಂಕಿಗಾಗಿ ವರ್ಷಗಟ್ಟಲೆ ಜಗಳವಾಡಿದ್ದನ್ನು ಓದಿದಾಗ ಇದೆಲ್ಲ ಮತ್ತೆ ಮೇಲೆದ್ದು ಬಂತು. ಡೇಲ್ ಅರ್ನ್‌ಹಾರ್ಟ್ ಎಂಬ ಚಾಲಕ ಏಳು ಬಾರಿ ಚಾಂಪಿಯನ್. ಅದರಲ್ಲಿ ಆರು ಗೆಲುವು 3ನೇ ನಂಬರಿನ ಕಾರಿನಲ್ಲಿ ಬಂದವು. 2001ರ ಫೆಬ್ರವರಿ 18ರಂದು ಡೇಟೋನಾ 500 ರೇಸಿನ ಕೊನೆಯ ಸುತ್ತಿನಲ್ಲಿ ಕಾರು ಗೋಡೆಗೆ ಬಡಿದು ಅವನು ಸತ್ತ. ಮುಂದಿನ ರೇಸಿಗೇ ತಂಡದ ಒಡೆಯ ರಿಚರ್ಡ್ ಚೈಲ್ಡ್ರೆಸ್ ಕಾರಿನ ನಂಬರನ್ನು 29 ಮಾಡಿದ, ಕಪ್ಪು ಬಣ್ಣ ತೆಗೆದು ಬಿಳಿ ಬಳಿಸಿದ. ಈ ರೇಸು ನಡೆಸುವ ನಾಸ್ಕಾರ್ ಸಂಸ್ಥೆಯ ನಿಯಮದಲ್ಲಿ ನಂಬರಿಗೆ ನಿವೃತ್ತಿ ಎಂಬುದಿಲ್ಲ. ನಂಬರುಗಳೆಲ್ಲ ಸಂಸ್ಥೆಯವು, ತಂಡಗಳಿಗೆ ಬಳಸಲು ಕೊಡುತ್ತದೆ ಅಷ್ಟೆ. ಆದರೂ ಸಂಸ್ಥೆಯ ದೊಡ್ಡ ಸರಣಿಯಲ್ಲಿ ಹದಿಮೂರು ವರ್ಷ 3 ಓಡಲಿಲ್ಲ. 2014ರಲ್ಲಿ ಚೈಲ್ಡ್ರೆಸ್‌ನ ಮೊಮ್ಮಗ ಆಸ್ಟಿನ್ ಡಿಲ್ಲನ್ ಅದನ್ನು ಮತ್ತೆ ಕಣಕ್ಕೆ ತಂದ. ಅಭಿಮಾನಿಗಳಲ್ಲಿ ಕೆಲವರು ಸಿಟ್ಟಾದರು, ಕೆಲವರು ಅತ್ತರು. 2018ರಲ್ಲಿ ಆ ಹುಡುಗ ಅದೇ ನಂಬರಿನಲ್ಲಿ, ಅದೇ ಡೇಟೋನಾ 500 ಗೆದ್ದ. 1998ರಲ್ಲಿ ಅರ್ನ್‌ಹಾರ್ಟ್ ಗೆದ್ದು ಆಗ ಸರಿಯಾಗಿ ಇಪ್ಪತ್ತು ವರ್ಷ.

ಆ 3 ಹಿಂದೆ ಬಂದದ್ದು ನನ್ನ ಮಟ್ಟಿಗೆ ಸರಿ. ಅರ್ನ್‌ಹಾರ್ಟ್‌ಗಿಂತ ಮೊದಲು ಚೈಲ್ಡ್ರೆಸ್ ತಾನೇ ಚಾಲಕನಾಗಿದ್ದಾಗ ಓಡಿಸುತ್ತಿದ್ದ ನಂಬರು ಅದು. ಮನೆಯದು ಮನೆಗೇ ಬಂತು. ಅದಕ್ಕೂ ಮುಖ್ಯವಾದದ್ದು, ನಡುವೆ ಹದಿಮೂರು ವರ್ಷ ಅದನ್ನು ಯಾರಿಗೂ ಕೊಡದೆ ಖಾಲಿ ಇಟ್ಟದ್ದು. ದುಃಖಕ್ಕೆ ಬೇಕಾದಷ್ಟು ಕಾಲ ಕೊಟ್ಟರು.

ನಮ್ಮಲ್ಲೂ ಈ ತಿಳಿವಳಿಕೆ ಇಲ್ಲದಿಲ್ಲ. 2017ರಲ್ಲಿ ಕ್ರಿಕೆಟಿಗ ಶಾರ್ದೂಲ್ ಠಾಕೂರ್ ಶ್ರೀಲಂಕಾದಲ್ಲಿ 10ನೇ ನಂಬರಿನ ಅಂಗಿ ತೊಟ್ಟು ಆಡಿದಾಗ, ಸಚಿನ್ ಅಂಗಿಗೆ ಕೈ ಹಾಕಿದನೆಂದು ದೇಶವೇ ತಿರುಗಿಬಿತ್ತು. ಅವರು 54ಕ್ಕೆ ಹೋದರು, 10 ಆಮೇಲೆ ಯಾರ ಬೆನ್ನಿಗೂ ಹತ್ತಲಿಲ್ಲ. 2023ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಆರ್‌ಸಿಬಿ ತಂಡ ಎಬಿ ಡಿವಿಲಿಯರ್ಸ್‌ನ 17, ಕ್ರಿಸ್ ಗೇಲ್‌ನ 333 ಇನ್ನು ಯಾರಿಗೂ ಇಲ್ಲವೆಂದು ಸಾರಿತು. ಬೇರೆ ದೇಶದಿಂದ ಬಂದು ಕೆಲವು ವರ್ಷ ಆಡಿಹೋದ ಇಬ್ಬರಿಗೆ ನಾವು ಕೊಟ್ಟ ಗೌರವ ಅದು. ಅವರು ಅದಕ್ಕೆ ತಕ್ಕವರೇ. ನಮ್ಮ ನಾಲ್ಕು ಮಾತ್ರ ಖಾಲಿ ಉಳಿಯಲಿಲ್ಲ. ಒಂದೇ ಪಟ್ಟಿಯಲ್ಲಿ ಇಲ್ಲಿಂದ ತೆಗೆದು ಅಲ್ಲಿಗೆ ಹಚ್ಚಿದರು. ರಸ್ತೆ ಸತ್ತಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದು ಬದುಕಿರುವಾಗಲೇ, ಇನ್ನೂ ಮೈತುಂಬ ದುಡಿಯುತ್ತಿರುವಾಗಲೇ ನಂಬರು ಕಿತ್ತುಕೊಂಡರು.

ಹಳೆಯ ನಾಲ್ಕು ಮುಂಬೈ ಪಕ್ಕದ ಠಾಣೆಯಿಂದ ಚೆನ್ನೈವರೆಗೆ 1,235 ಕಿಲೋಮೀಟರ್ ಹರಿಯುತ್ತಿತ್ತು. ಅದರಲ್ಲಿ ನಮ್ಮ ಪಾಲು ನಿಪ್ಪಾಣಿಯಿಂದ ಮುಳಬಾಗಿಲಿನ ಆಚೆಯ ಗಡಿವರೆಗೆ. ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ ಎಲ್ಲವೂ ಒಂದೇ ನಂಬರಿನ ಮೇಲಿದ್ದವು. 1956ಕ್ಕೆ ಮುಂಚೆ ಹರಿಹರದ ತುಂಗಭದ್ರೆ ದಾಟಿದರೆ ಬೇರೆ ರಾಜ್ಯ. ಈಚೆ ಮೈಸೂರು, ಆಚೆ ಮುಂಬೈ. ಏಕೀಕರಣವಾದ ಮೇಲೆ ಎರಡು ಸೀಮೆಯ ಕನ್ನಡಿಗರು ಒಬ್ಬರನ್ನೊಬ್ಬರು ನೋಡಲು ಹೊರಟದ್ದು ಬಹುಪಾಲು ಈ ರಸ್ತೆ ಹಿಡಿದು. ಬೆಳಗಾವಿಯ ಲಾರಿಯವನೂ ಕೋಲಾರದ ಲಾರಿಯವನೂ ಹಿರಿಯೂರಿನ ಡಾಬಾದಲ್ಲಿ ಒಂದೇ ಹಗ್ಗದ ಮಂಚದ ಮೇಲೆ ಕೂತು ‘ನಾನೂ ಎನ್ನೆಚ್ ಫೋರಿನವನೇ’ ಅನ್ನಬಹುದಿತ್ತು. ಈಗ ಕೋಲಾರದ ಪಾಲಿಗೆ 75 ಬಂದಿದೆ, ನಮ್ಮ 48 ಹೊಸೂರು, ಕೃಷ್ಣಗಿರಿಯ ಮೇಲೆ ಹೋಗುತ್ತದೆ. ಕರ್ನಾಟಕವನ್ನು ಓರೆಯಾಗಿ ಹೊಲಿದಿದ್ದ ದಾರ ಬೆಂಗಳೂರಿನಲ್ಲಿ ಕಡಿದುಹೋಯಿತು. ನಂಬರು ಹಂಚಿದವರ ನಕ್ಷೆಯಲ್ಲಿ ಇದು ಕಾಣಲಿಲ್ಲವೆಂದೇ ನನಗೆ ನೋವು.

ಹೊಸ ತಲೆಮಾರಿಗೆ ಈ ನಾಲ್ಕು ಗೊತ್ತಿಲ್ಲ. ಫೋನಿನ ನಕ್ಷೆ 48 ಎನ್ನುತ್ತದೆ, ಟೋಲ್ ರಸೀದಿ 48 ಎನ್ನುತ್ತದೆ. ಹಿರಿಯೂರಿನಲ್ಲಿ ಅಡ್ಡಹಾಯುವ ಬೀದರ್–ಶ್ರೀರಂಗಪಟ್ಟಣ ರಸ್ತೆ ಈಗ 150ಎ ಎಂಬ ರಾಷ್ಟ್ರೀಯ ಹೆದ್ದಾರಿ. ಆ ನಂಬರನ್ನು ಯಾರೂ ಬಾಯಲ್ಲಿ ಆಡುವುದನ್ನು ನಾನು ಕೇಳಿಲ್ಲ, ಅದು ಹಲಗೆಯ ಮೇಲಷ್ಟೇ ಇದೆ. ಎನ್ನೆಚ್ ಫೋರ್ ಅನ್ನುವವರು ಐವತ್ತು ದಾಟಿದವರು, ಗ್ಯಾರೇಜಿನವರು, ನಿವೃತ್ತ ಚಾಲಕರು, ಪರಿಹಾರದ ಕೇಸು ಇನ್ನೂ ಮುಗಿಯದ ಕೆಲವು ರೈತರು. ಅವರ ಜೊತೆಗೇ ಈ ಹೆಸರೂ ಹೋಗುತ್ತದೆ. ಅಗಲೀಕರಣಕ್ಕೆ ಹೊಲ ಬಿಟ್ಟುಕೊಟ್ಟವರ ಕಾಗದಪತ್ರ, ಈ ರಸ್ತೆಯಲ್ಲಿ ಜೀವ ಕಳೆದುಕೊಂಡವರ ಎಫ್‌ಐಆರ್ ಎಲ್ಲದರಲ್ಲೂ ಇರುವುದು ನಾಲ್ಕು. ಮುಂದೆ ಆ ಕಾಗದ ಓದುವ ಮೊಮ್ಮಗನಿಗೆ ತಾತ ಸತ್ತ ರಸ್ತೆ ತನ್ನ ಮನೆಯ ಮುಂದಿನದೇ ಎಂದು ಹೇಳುವವರು ಯಾರು?

ಅಂಡಮಾನಿನವರನ್ನು ನಾಲ್ಕು ವಾಪಸು ಕೊಡಿ ಎಂದು ಕೇಳುವುದು ನ್ಯಾಯವಲ್ಲ. ಅವರಿಗೂ ಈಗ ಅದು ತಮ್ಮದೇ. ಆದರೆ ಅಮೆರಿಕದಲ್ಲಿಯೇ ಇನ್ನೊಂದು ದಾರಿ ತೋರಿಸಿದ್ದಾರೆ. 1926ರಲ್ಲಿ ಹುಟ್ಟಿದ ಅಲ್ಲಿನ 66ನೇ ನಂಬರಿನ ಹೆದ್ದಾರಿಯನ್ನು 1985ರಲ್ಲಿ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದರು. ಊರೂರಿನ ಜನ ಸುಮ್ಮನಿರಲಿಲ್ಲ. ಸಂಘ ಕಟ್ಟಿ, ಬೆನ್ನುಹತ್ತಿ, ‘ಐತಿಹಾಸಿಕ 66’ ಎಂಬ ಕಂದು ಬಣ್ಣದ ಹಲಗೆಗಳನ್ನು ನೆಡಿಸಿದರು. ಹೊಸ ನಂಬರು ಹೊಸದರ ಪಾಡಿಗಿದೆ, ಹಳೆಯದೂ ಕಣ್ಣಿಗೆ ಬೀಳುತ್ತದೆ.

ಹೆದ್ದಾರಿ ಪ್ರಾಧಿಕಾರದವರಲ್ಲಿ ನನ್ನ ಕೋರಿಕೆ ಇಷ್ಟೇ. ಆದಿವಾಲ, ಹಿರಿಯೂರು, ಐಮಂಗಲ, ಚಿತ್ರದುರ್ಗ, ಭರಮಸಾಗರಗಳಲ್ಲಿ 48ರ ಹಲಗೆಯ ಕೆಳಗೆ ಕನ್ನಡದಲ್ಲಿ ‘ಹಳೆಯ ರಾಷ್ಟ್ರೀಯ ಹೆದ್ದಾರಿ 4’ ಎಂದು ಒಂದು ಸಣ್ಣ ಹಲಗೆ ಹಾಕಿಸಿ. ಪಂಚಾಯಿತಿಯವರು ಹಿತ್ತಿಲಲ್ಲಿ, ಚರಂಡಿ ಪಕ್ಕದಲ್ಲಿ ಬಿದ್ದಿರುವ ಹಳೆಯ ಕಿಲೋಮೀಟರ್ ಕಲ್ಲುಗಳಲ್ಲಿ ಒಂದನ್ನಾದರೂ ಎತ್ತಿಸಿ, ಬಣ್ಣ ಬಳಿದು ಬಸ್ ನಿಲ್ದಾಣದ ಬಳಿ ನಿಲ್ಲಿಸಲಿ. ಈ ರಸ್ತೆಯ ಅಕ್ಕಪಕ್ಕ ಅಂಗಡಿ, ಮನೆ ಇರುವವರು ವಿಳಾಸ ಬರೆಯುವಾಗ 48ರ ಜೊತೆಗೆ ‘ಹಳೇ ಎನ್.ಎಚ್.-4’ ಎಂದೂ ಬರೆಯಿರಿ. ಬೋರ್ಡಿನಲ್ಲಿ ಈಗಾಗಲೇ ಹಾಗೆ ಇದ್ದರೆ, ಬಣ್ಣ ಹೊಡೆಸುವಾಗ ದಯವಿಟ್ಟು ಅಳಿಸಬೇಡಿ.