ಬಾಗೇವಾಡಿ ಪ್ಯಾಟಿಯಿಂದ ಅಕ್ಕಗ

ಬಸವನ ಬಾಗೇವಾಡಿ
ಆಷಾಢ, ಸಂಜಿಮುಂದ

ಅಕ್ಕಾ,

ಸೊಲ್ಲಾಪುರದಾಗ ಮಳಿ ಹೆಂಗದ? ಇಲ್ಲಿ ಮೋಡ ಬರೀ ಮಾರಿ ತೋರಿಸಿ ಹೋಗತಾವ.

ನಿನ್ನೆ ಇಂಡಿ ಕಡೆ ಸಾಲೋಟಗಿ ನೋಡಿ, ಇವತ್ತು ಇಲ್ಲಿಗೆ ಬಂದೆ. ಮೂಲ ನಂದೀಶ್ವರಗ ಕಾಯಿ ಒಡಿಸಿದೆ, ಬಸವಣ್ಣ ಹುಟ್ಟಿದ ಮನಿಗೂ ಹೋಗಿಬಂದೆ. ಆದರ ಹೊತ್ತು ಕಳದದ್ದು ಪ್ಯಾಟಿಯೊಳಗ, ಒಂದು ಹಗ್ಗದ ಅಂಗಡಿ ಮುಂದ.

ಮೂಗುದಾಣಿ, ಮಗಡ, ಕಣ್ಣಿ, ಬಾರಕೋಲು, ಗೆಜ್ಜಿಸರ ಎಲ್ಲಾ ತೂಗುಹಾಕ್ಯಾರ. ಎಲ್ಲಾ ನೈಲಾನ್, ಹಸರು-ಕೆಂಪು. ಮೂಲ್ಯಾಗ ಪುಂಡಿನಾರಿನವು ಎರಡೇ ಸಿಂಬಿ. ಅಂಗಡಿ ಮುದುಕ ಒಂದರ ತುದಿ ಕಾಲಬೆರಳಿಗೆ ಸಿಗಿಸಿ, ಹುರಿ ಬಿಚ್ಚಿ ಮೂರು ಎಳಿ ತೋರಿಸಿದ. ಒಂದು ಎಳಿ ಸಡಲಾದರ ಹಗ್ಗ ಬಾಳಿಕಿ ಬರೂದಿಲ್ಲಂತ.

ಶರಣ ನುಲಿಯ ಚಂದಯ್ಯ ನೆನಪಾದ. ಶಿವಣಗಿಯವ, ನಮ್ಮ ಜಿಲ್ಲಾದವನೇ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ದಾಸೋಹ ಮಾಡತಿದ್ದ. ಶೂನ್ಯಸಂಪಾದನೆ ಕಥಿಯೊಳಗ ಅವನ ಲಿಂಗನೇ ಲಿಂಗಯ್ಯ ಆಗಿ ಹಗ್ಗ ಮಾರಾಕ ಹೋಗಿ, ಬಸವಣ್ಣನ ಕಡಿಂದ ಬೆಲೆಗಿಂತ ಹೆಚ್ಚು ಹೊನ್ನು ತರತಾನ. ಚಂದಯ್ಯ ಒಲ್ಲೆ ಅಂತಾನ. ದೇವರು ಗಿರಾಕಿ ನೋಡಿ ರೇಟು ಏರಿಸಿದ, ಹೊಸೆದವ ಇಳಿಸಿದ! ಸುಂಕದ ಬಂಕಣ್ಣ, ಗಾಣದ ಕಣ್ಣಪ್ಪ, ಮೇದಾರ ಕೇತಯ್ಯ ಅಂತ ಶರಣರ ಹೆಸರು ಹೇಳಕೋತ ಹ್ವಾದರ 12ನೇ ಶತಮಾನದ ಸಂತಿನೇ ಕಣ್ಣಮುಂದ ಬರತದ.

ನಿನ್ನೆ ನೋಡಿದ ಸಾಲೋಟಗಿ ಅದಕ್ಕೂ ಹಳೇದು. ಆಗ ಅದರ ಹೆಸರು ಪಾವಿಟ್ಟಗೆ. 945ರ ಶಾಸನದ ಪ್ರಕಾರ, ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಸಾಲಿ ಕಟ್ಟಿಸಿದ್ದ. ದೂರದೂರದ ನಾಡಿಂದ ಬಂದ ಹುಡುಗರಿಗೆ 27 ಮನಿ. ಊರಾಗ ಲಗ್ನ, ಮುಂಜಿವಿ ಆದರೂ ಸಾಲಿಗೆ ಇಷ್ಟು ಅಂತ ಕಾಣಿಕಿ ಕಟ್ಟಬೇಕಿತ್ತು. ನನ್ನ ಲಗ್ನದಾಗ ಬ್ಯಾಂಡಿನವರಿಗೆ ಎಣಿಸಿಕೊಟ್ಟದ್ದು ನೆನಪಾಗಿ ಅಲ್ಲೇ ನಾಚಿಕಿ ಬಂತು.

ಪುಂಡಿ ಹಗ್ಗ ಒಂದು ಕೊಂಡೀನಿ, ಚೌಕಾಸಿ ಮಾಡಲಿಲ್ಲ. ಪಂಚಮಿಗೆ ನಿನ್ನ ಕರಿಯಾಕ ನಾನೇ ಬರತೀನಿ. ಹಿತ್ತಲ ಬೇವಿನ ಗಿಡಕ್ಕ ಈ ಸಲ ಜೋಕಾಲಿ ಇದೇ ಹಗ್ಗದ್ದು. ಮಾಮಾಗ ಈಗೇ ಹೇಳಿಟ್ಟಿರು, ಕಡೀಕ ನೆವ ಹೇಳಬ್ಯಾಡ.

ನಿನ್ನ ತಮ್ಮ