ಅರ್ಕಾವತಿಯ ದಂಡೆಯಿಂದ ಜಿನೀವಾದವರೆಗೆ

ಮಾಗಡಿಯ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಮ್ಮನ ಮಗ ರೇಷ್ಮೆ ಸಾಕುತ್ತಾರೆ. ಕಳೆದ ಬಾರಿ ನಾನು ಅಲ್ಲಿಗೆ ಹೋದಾಗ ಹುಳುಗಳು ನಾಲ್ಕನೆಯ ಜ್ವರದಿಂದೆದ್ದು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದವು. ಹುಳುಮನೆಯ ಬಾಗಿಲಲ್ಲಿ ನಿಂತರೆ ಹೊರಗೆ ಸೋನೆಮಳೆ ಹಿಡಿದಂತೆ ಸದ್ದು. ಅತ್ತಿಗೆಯವರಿಗೆ ಆ ಒಂದು ವಾರ ಹಗಲಿರುಳೆಂಬ ಭೇದವಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ ಹೇಳಿದರು: "ತಮ್ಮಾ, ರಾಗಿಯ ಬೆಲೆ ಮಳೆಯನ್ನು ಕೇಳುತ್ತದೆ. ಗೂಡಿನ ಬೆಲೆ ಚೀನಾವನ್ನು ಕೇಳುತ್ತದೆ. ಓದಿದವನು ನೀನು, ಆ ಡಬ್ಲ್ಯು.ಟಿ.ಒ. ಎನ್ನುವವರು ಯಾರು, ಅವರಿಗೂ ನಮ್ಮ ಗೂಡಿಗೂ ಏನು ಸಂಬಂಧ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳು."

ಉತ್ತರ ತಕ್ಷಣ ಹೊಳೆಯಲಿಲ್ಲ. ಗೂಡು ಕಟ್ಟಿದ ಮೇಲೆ ಅವರೊಡನೆ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಮುಂದಕ್ಕೂ ಒಂದು ಸುತ್ತು ಬರುವುದೆಂದು ನಿಶ್ಚಯಿಸಿದೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಈ ನಾಲ್ಕು ತಾಲೂಕುಗಳು 2007ರಲ್ಲಿ ಒಂದು ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಏನೇ ಇರಲಿ, ಚನ್ನಪಟ್ಟಣವೊಂದನ್ನು ಬಿಟ್ಟರೆ ನಮ್ಮ ದಾರಿಯುದ್ದಕ್ಕೂ ಜೊತೆಗಿದ್ದುದು ಅರ್ಕಾವತಿ. ಮಂಚನಬೆಲೆಯಲ್ಲಿ ಅಣೆಕಟ್ಟಿನ ಹಿಂದೆ ನಿಂತು, ರಾಮನಗರವನ್ನು ಹಾದು, ಕನಕಪುರವನ್ನು ಮುಟ್ಟಿ, ಸಂಗಮದಲ್ಲಿ ಕಾವೇರಿಯನ್ನು ಕೂಡುವ ಬಡಕಲು ನದಿ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದೆಂದು ಹೇಳುತ್ತಾರೆ. ಬೆಳಕು ಹರಿಯುವ ವೇಳೆಗೆ ರೈತರು ಚೀಲಗಳನ್ನು ಬಿಚ್ಚಿ ಗೂಡುಗಳನ್ನು ಹರವಿದ್ದರು. ಒಂದು ಕಡೆ ಮಿಶ್ರತಳಿಯ ಹಳದಿ ರಾಶಿ, ಇನ್ನೊಂದು ಕಡೆ ದ್ವಿತಳಿಯ ಅಚ್ಚಬಿಳಿ. ಹಿಂದೆ ಕೂಗಿ ಹರಾಜು ನಡೆಯುತ್ತಿದ್ದ ಕಡೆ ಈಗ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಬಳಿ ಅಲ್ಲಾಡಿಸಿ, ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಅಣ್ಣನ ಗೂಡು ಬಿಳಿಯದು. ಆ ಬಿಳುಪಿನ ಹಿಂದೆಯೂ ಪರದೇಶದ ಕೈಯಿದೆ. ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯೊಡನೆ ದುಡಿದ ಫಲವಾಗಿ ನಮ್ಮ ಹವೆಗೆ ಒಗ್ಗುವ ದ್ವಿತಳಿಗಳು ಹಬ್ಬಿದವು. ಅದಕ್ಕೂ ಮೊದಲು ವಿಶ್ವಬ್ಯಾಂಕು 1980ರಲ್ಲಿ ಕರ್ನಾಟಕ ರೇಷ್ಮೆ ಯೋಜನೆಗೂ, 1989ರಲ್ಲಿ ಸ್ವಿಸ್ ನೆರವಿನೊಡನೆ ರಾಷ್ಟ್ರೀಯ ರೇಷ್ಮೆ ಯೋಜನೆಗೂ ಸಾಲ ಕೊಟ್ಟಿತ್ತು. ಅಂದರೆ ದೂರದ ಸಂಸ್ಥೆಗಳು ಈ ಅಂಗಳಕ್ಕೆ ಮೊದಲು ಬಂದದ್ದು ಸಾಲ ಮತ್ತು ತಳಿಯನ್ನು ಹೊತ್ತು. ಆಮೇಲೆ ಬಂದದ್ದು ನಿಯಮವನ್ನು ಹೊತ್ತು.

ಆ ನಿಯಮದ ಕತೆ ಹೀಗೆ. 1995ರ ಜನವರಿ 1ರಂದು ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ವಿದೇಶೀ ವಿನಿಮಯದ ಅಡಚಣೆಯ ಕಾರಣ ಹೇಳಿ ಭಾರತವು ನೂರಾರು ಸರಕುಗಳ ಆಮದಿಗೆ ಪ್ರಮಾಣದ ಕಟ್ಟು ಹಾಕಿತ್ತು. ಅಮೆರಿಕ 1997ರಲ್ಲಿ ಅದರ ಮೇಲೆ ದೂರು ಕೊಟ್ಟಿತು. 1999ರಲ್ಲಿ ಅಲ್ಲಿನ ಮೇಲ್ಮನವಿ ಮಂಡಳಿ ಭಾರತದ ವಿರುದ್ಧ ತೀರ್ಪಿತ್ತಿತು. 2001ರ ಏಪ್ರಿಲ್ 1ರಂದು ಉಳಿದ ಕಟ್ಟುಗಳೂ ಸಡಿಲಿದವು. ಅದೇ ವರ್ಷ ಡಿಸೆಂಬರಿನಲ್ಲಿ ಚೀನಾ ಸಂಸ್ಥೆಯ ಸದಸ್ಯನಾಯಿತು. ಚೀನಾದ ಅಗ್ಗದ ಕಚ್ಚಾ ರೇಷ್ಮೆಯ ಬಿಸಿ ರಾಮನಗರದ ಬೇಸಿನ್ನುಗಳಿಗೆ ತಟ್ಟಿತು. ಆದರೆ ಅದೇ ನಿಯಮಪುಸ್ತಕದಲ್ಲಿ ಇನ್ನೊಂದು ಪುಟವೂ ಇತ್ತು. ತನ್ನ ನಾಡಿನ ಬೆಲೆಗಿಂತ ಕಡಿಮೆಗೆ ಪರರ ಪೇಟೆಯಲ್ಲಿ ಸರಕನ್ನು ಸುರಿಯುವವರ ಮೇಲೆ ಹೆಚ್ಚುವರಿ ಸುಂಕ ಹಾಕಬಹುದು. ಆ ಪುಟವನ್ನು ತೆರೆದು 2003ರಲ್ಲಿ ಭಾರತ ಚೀನಾದ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ವಿಧಿಸಿತು.

ಅಣ್ಣನಿಗೆ ದೊಡ್ಡ ಪೆಟ್ಟು ಬಿದ್ದದ್ದು 2011ರಲ್ಲಿ. ಆ ವರ್ಷ ಹಾಕಿದ ಬಂಡವಾಳ ಹುಟ್ಟದೆ ಒಂದು ಎಕರೆ ಹಿಪ್ಪುನೇರಳೆಯನ್ನು ಕಿತ್ತುಹಾಕಿದರು. "ಅದೂ ಡಬ್ಲ್ಯು.ಟಿ.ಒ.ದ ಕೆಲಸವೇ" ಎಂದು ಇಂದಿಗೂ ನಂಬಿದ್ದಾರೆ. ನಾನು ಒಪ್ಪಲಿಲ್ಲ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದ್ದು ಆ ವರ್ಷದ ಕೇಂದ್ರ ಬಜೆಟ್ಟು. 2013ರಲ್ಲಿ 15ಕ್ಕೆ ಏರಿಸಿದ್ದೂ ಅದೇ ದೆಹಲಿ. ನೇಕಾರರಿಗೆ ಅಗ್ಗದ ನೂಲು ಬೇಕಾಗಿತ್ತು, ಅವರ ಹೊಟ್ಟೆಯೂ ಹೊಟ್ಟೆಯೇ. ನಮ್ಮವರು ಮಾಡಿದ್ದನ್ನೂ ಜಿನೀವಾದ ಲೆಕ್ಕಕ್ಕೆ ಬರೆದರೆ ಯಾರನ್ನು ಕೇಳಬೇಕೋ ಅವರನ್ನು ಕೇಳುವುದು ತಪ್ಪಿಹೋಗುತ್ತದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಹರಾಜಿನ ಚೀಟಿ ಮಡಿಸಿ ಜೇಬಿಗಿಟ್ಟು ಮಾಗಡಿಯ ಬಸ್ಸು ಹತ್ತಿದರು.

ಚನ್ನಪಟ್ಟಣ ಅಲ್ಲಿಂದ ಅರ್ಧ ಗಂಟೆಯ ಹಾದಿಯೂ ಅಲ್ಲ. ಹಾಲೆಮರದ ತುಂಡು ಯಂತ್ರದಲ್ಲಿ ಸುತ್ತುತ್ತಿರುವಾಗ ಅರಗಿನ ಕಡ್ಡಿ ಹಿಡಿದರೆ ಬಿಸಿಗೆ ಕರಗಿ ಬಣ್ಣ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ಇಲ್ಲಿನ ಕಾಯಕಜೀವಿಗಳಿಗೂ ರಾಜ್ಯ ಸರ್ಕಾರದ ವಿಶ್ವ ಯೋಜನೆಯ ಮೂಲಕ ಡಚ್ ಸರ್ಕಾರದ ನೆರವು ಬಂದಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಅನುಗುಣವಾಗಿ ಭಾರತ 1999ರಲ್ಲಿ ಭೌಗೋಳಿಕ ಸೂಚನೆಗಳ ಕಾಯಿದೆ ಮಾಡಿತು. 2003ರಲ್ಲಿ ಅದು ಜಾರಿಗೆ ಬಂದ ಕೆಲವೇ ವರ್ಷಗಳಲ್ಲಿ ಚನ್ನಪಟ್ಟಣದ ಬೊಂಬೆಗಳು ಆ ಪಟ್ಟಿಗೆ ಸೇರಿದವು. ಇದನ್ನು ಕೇಳಿ ಹಿಗ್ಗಿದವರು ಇನ್ನೊಂದನ್ನೂ ಕೇಳಬೇಕು. ಆ ಒಪ್ಪಂದದಲ್ಲಿ ದ್ರಾಕ್ಷಾರಸಕ್ಕೆ, ಮದ್ಯಕ್ಕೆ ಎತ್ತರದ ರಕ್ಷಣೆ. ಬೊಂಬೆಗೆ, ಸೀರೆಗೆ, ಅಕ್ಕಿಗೆ ತಗ್ಗಿನದು. ಬೇರೆ ಊರಿನ ದ್ರಾಕ್ಷಾರಸಕ್ಕೆ "ಶಾಂಪೇನಿನಂಥದು" ಎಂಬ ಹೆಸರೂ ಸಲ್ಲದು. ಬೊಂಬೆಯ ವಿಷಯದಲ್ಲಾದರೆ ಗಿರಾಕಿ ಮೋಸಹೋಗುತ್ತಾನೆಂದು ದೂರುವವರೇ ತೋರಿಸಬೇಕು. ನಮ್ಮಂಥವರ ಮನೆಗಳಲ್ಲಿ ಹೆಂಡಕ್ಕೆ ಮಣೆ ಹಾಕಿ ಮಕ್ಕಳ ಆಟಿಕೆಯನ್ನು ಹೊಸ್ತಿಲಾಚೆ ಕೂರಿಸುವುದುಂಟೇ! ಈ ಭೇದ ಹೋಗಬೇಕೆಂದು ಭಾರತ, ಯುರೋಪಿನ ರಾಷ್ಟ್ರಗಳನ್ನು ಜೊತೆಗೂಡಿಸಿಕೊಂಡು ಕೇಳುತ್ತ ಬಂದಿದೆ. ಅಮೆರಿಕ, ಆಸ್ಟ್ರೇಲಿಯಗಳು ಒಪ್ಪಿಲ್ಲ. 166 ಸದಸ್ಯರೂ ತಲೆಯಾಡಿಸದೆ ಅಲ್ಲಿ ಒಂದಕ್ಷರವೂ ಕದಲದು. ಇನ್ನು ಭಾರತದ ವಿರುದ್ಧ ತೀರ್ಪಿತ್ತ ಆ ಮೇಲ್ಮನವಿ ಮಂಡಳಿ? ಹೊಸ ಸದಸ್ಯರ ನೇಮಕಕ್ಕೆ ಅಮೆರಿಕವೇ ಅಡ್ಡ ನಿಂತದ್ದರಿಂದ 2019ರ ಡಿಸೆಂಬರಿನಿಂದ ಅದು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಅಂದು ದೂರು ಕೊಟ್ಟವರೇ ಇಂದು ನ್ಯಾಯಪೀಠದ ಕುರ್ಚಿ ಎಳೆದಿದ್ದಾರೆ.

ಅಣ್ಣನ ಮೊಮ್ಮಗಳಿಗೆಂದು ಒಂದು ಬುಗುರಿ ಕೊಂಡು ಕನಕಪುರದ ದಾರಿ ಹಿಡಿದೆ. ಸಂಗಮ ತಲುಪುವಾಗ ಹೊತ್ತು ಇಳಿದಿತ್ತು. ಈ ನೀರಿಗೂ ದೂರದ ಪುಸ್ತಕವೊಂದರ ನಂಟುಂಟು. ಅಂತರರಾಷ್ಟ್ರೀಯ ಕಾನೂನು ಸಂಘವು 1966ರಲ್ಲಿ ಹೆಲ್ಸಿಂಕಿಯಲ್ಲಿ ನದಿನೀರಿನ ನ್ಯಾಯೋಚಿತ ಹಂಚಿಕೆಗೆ ನಿಯಮಗಳನ್ನು ರಚಿಸಿತು. ಅದು ಸರ್ಕಾರಗಳ ಕೂಟವಲ್ಲ, ವಿದ್ವಾಂಸರ ಸಂಘ. ಯಾರನ್ನೂ ಬಗ್ಗಿಸುವ ಅಧಿಕಾರ ಅದಕ್ಕಿಲ್ಲ. ಆದರೂ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿ 16ರಂದು ಕಾವೇರಿಯ ತೀರ್ಪು ಕೊಡುವಾಗ ಆ ನಿಯಮಗಳನ್ನು ಗಣನೆಗೆ ತಂದುಕೊಂಡಿತು. ಕರ್ನಾಟಕಕ್ಕೆ 14.75 ಟಿ.ಎಂ.ಸಿ. ಹೆಚ್ಚಿಗೆ ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ.

ರಾತ್ರಿ ಕನಕಪುರದ ಬಸ್ ನಿಲ್ದಾಣದಿಂದ ಅಣ್ಣನಿಗೆ ಫೋನು ಮಾಡಿ, ಮರೆತಿದ್ದ ಒಂದು ಸಂಗತಿ ಹೇಳಿದೆ. ರೇಷ್ಮೆಗೆಂದೇ ಸರ್ಕಾರಗಳು ಕೂಡಿ ಕಟ್ಟಿದ ಅಂತರರಾಷ್ಟ್ರೀಯ ರೇಷ್ಮೆ ಆಯೋಗವು ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿತ್ತು. 2013ರ ಸುಮಾರಿಗೆ ಅದರ ಕೇಂದ್ರ ಕಚೇರಿ ಬೆಂಗಳೂರಿನ ಮಡಿವಾಳಕ್ಕೆ, ಕೇಂದ್ರ ರೇಷ್ಮೆ ಮಂಡಳಿಯ ಆವರಣಕ್ಕೆ ಬಂದಿದೆ. ಬೆಲೆ ಕಟ್ಟುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ನಡೆಯುವುದು ತಿಳಿವಳಿಕೆಯ ಕೊಡು-ಕೊಳ್ಳು.

"ಮಡಿವಾಳದಲ್ಲೇ?" ಎಂದರು ಅಣ್ಣ. "ಹಾಗಾದರೆ ಮುಂದಿನ ಬೆಳೆ ಮಾರಿದ ದಿನ ಹಾಗೇ ಹೋಗಿ ಬರೋಣ. ನೀನೂ ಇರು."