ಅಜ್ಜಿಯ ಗದ್ದದ ಹಚ್ಚೆ

ಅಜ್ಜಿ ತೀರಿಕೊಂಡ ಮೂರನೇ ದಿನ, ಗೋಡೆಗೆ ಹಾಕುವ ಫೋಟೋ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ‘ನೀ ಬೆಂಗಳೂರಾಗ ದಿನಾ ಕಂಪ್ಯೂಟರ್ ಮುಂದ ಕೂಡಾಕಿ, ನೀನ ಮಾಡು’ ಅಂದರು ಮಾವ. ಅಜ್ಜಿ ಒಬ್ಬರೇ ಇರುವ ಫೋಟೋ ಒಂದೂ ಇರಲಿಲ್ಲ. ಸಿಕ್ಕಿದ್ದು ಅಣ್ಣನ ಮದುವೆಯ ಗುಂಪು ಫೋಟೋ, ಅದೂ ಮೊಬೈಲಿನಿಂದ ಮೊಬೈಲಿಗೆ ಹಾರಿ ಹಾರಿ ಸೊರಗಿದ್ದು. ಫೋಟೋಗ್ರಾಫರ್‌ಗೆ ಫೋನ್ ಮಾಡಿದರೆ ಹಾರ್ಡ್ ಡಿಸ್ಕ್ ಹೋಗಿದೆ ಅಂದ. ಅಜ್ಜಿಯನ್ನಷ್ಟೇ ಕತ್ತರಿಸಿಕೊಂಡಾಗ ಉಳಿದಿದ್ದು 400 × 600 ಪಿಕ್ಸೆಲ್.

ಮಾವನಿಗೆ ಬೇಕಿದ್ದದ್ದು 12 × 18 ಇಂಚಿನ ಫ್ರೇಮು, ಪಕ್ಕದಲ್ಲಿರುವ ಅಜ್ಜನ ಫೋಟೋದಷ್ಟೇ ದೊಡ್ಡದು. ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೆ 3600 × 5400. ಅಂದ್ರೆ ಇರುವ ಒಂದೇ ಒಂದು ಚುಕ್ಕಿಯ ಜಾಗದಲ್ಲಿ 81 ಕೂರಬೇಕು. 80 ಬರೀ ಊಹೆ!

ಒಂದು ಎಐ ಆ್ಯಪ್‌ಗೆ ಹಾಕಿದೆ. ಹತ್ತೇ ಸೆಕೆಂಡಿನಲ್ಲಿ ಫೋಟೋ ಫಳಫಳ. ಕಣ್ಣಿನ ರೆಪ್ಪೆ ಎಣಿಸಬಹುದು. ಖುಷಿಯಿಂದ ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ‘ಚಂದ ಐತಿ. ಆದ್ರ ಇಕಿ ಯಾರವಾ?’ ಅಂದಳು.

ಅಜ್ಜಿಯ ಗದ್ದದ ಮೇಲೆ ಮೂರು ಹಚ್ಚೆ ಚುಕ್ಕಿ ಇದ್ದವು. ಆ್ಯಪ್ ಅವನ್ನು ಕಲೆ ಅಂದುಕೊಂಡು ಒರೆಸಿಬಿಟ್ಟಿತ್ತು. ಎಲ್ಲೆಲ್ಲಿಯದೋ ಮುಖಗಳಿಂದ ಕಲಿತದ್ದನ್ನು ತಂದು ಖಾಲಿ ಜಾಗಕ್ಕೆ ತುಂಬಿತ್ತು. ನಾನು ಅದನ್ನು ಗಮನಿಸಿರಲೂ ಇಲ್ಲ. ಅದೇ ಹೆಚ್ಚು ಚುಚ್ಚಿತು.

ರಾತ್ರಿ ಲ್ಯಾಪ್‌ಟಾಪ್ ತೆಗೆದು ಗಿಂಪ್‌ನಲ್ಲಿ ಕೂತೆ. ಹಳೇ ವಿಧಾನಗಳು ಹೊಸದೇನನ್ನೂ ಕಲ್ಪಿಸಿಕೊಳ್ಳುವುದಿಲ್ಲ, ಅಕ್ಕಪಕ್ಕದ ಚುಕ್ಕಿಗಳನ್ನೇ ಕೇಳುತ್ತವೆ. ಸುಮ್ಮನೆ ಪಕ್ಕದ ಚುಕ್ಕಿಯನ್ನೇ ನಕಲು ಮಾಡಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಲೀನಿಯರ್ 4 ಚುಕ್ಕಿ, ಕ್ಯೂಬಿಕ್ 16 ಚುಕ್ಕಿ ನೋಡಿ ಸರಾಸರಿ ತೆಗೆಯುತ್ತದೆ. ನುಣುಪೇನೋ ಬರುತ್ತೆ, ಆದರೆ ಅಜ್ಜಿಯ ಇಳಕಲ್ ಸೀರೆಯ ಕೆಂಪು ಅಂಚು ನೀಲಿ ಒಡಲಿಗೆ ಬೆರೆತು ನೇರಳೆ ರಾಡಿಯಾಯಿತು. ಅಂಚಿನ ಉದ್ದಕ್ಕೆ ಬೆರೆಸಬೇಕು, ಅಡ್ಡ ದಾಟಿ ಬೆರೆಸಬಾರದು. ಗಿಂಪ್‌ನ ‘ನೋಹೇಲೋ’ ಆಯ್ಕೆಯಲ್ಲಿ ಅಂಚು ಸುಮಾರು ಉಳಿಯಿತು.

ಇನ್ನಷ್ಟು ಚೂಪು ಮಾಡೋಣ ಅಂತ ಕೆಂಪು, ಹಸಿರು, ನೀಲಿ ಮೂರನ್ನೂ ಶಾರ್ಪನ್ ಮಾಡಿದೆ, ಬಿಳಿ ಕೂದಲಿನ ಸುತ್ತ ಬಣ್ಣದ ದಾರ ಎದ್ದಿತು. ಆಮೇಲೆ ಚಿತ್ರವನ್ನು ‘ಲ್ಯಾಬ್’ಗೆ ಬಿಡಿಸಿದೆ: ಬೆಳಕು ಒಂದು ಪದರ, ಬಣ್ಣ ಎರಡು ಪದರ. ನಮ್ಮ ಕಣ್ಣು ಬೆಳಕು–ನೆರಳಿನ ವಿಷಯದಲ್ಲಿ ಭಾರಿ ಚೂಟಿ, ಬಣ್ಣದ ಅಂಚಿನ ವಿಷಯದಲ್ಲಿ ಸೋಮಾರಿ. (ಜೆಪೆಗ್ ಫೈಲ್ ಸಣ್ಣದಾಗೋದಕ್ಕೂ ಈ ಸೋಮಾರಿತನವೇ ಒಂದು ಕಾರಣ.) ಬೆಳಕಿನ ಪದರವನ್ನಷ್ಟೇ ಚೂಪು ಮಾಡಿ ಮತ್ತೆ ಕೂಡಿಸಿದೆ. ದಾರ ಮಾಯ. ಗದ್ದದ ಮೇಲೆ ಮೂರು ಚುಕ್ಕಿ, ಮಸುಕಾಗಿಯೇ ಸರಿ, ಇದ್ದವು.

ಆದರೂ ಒಂಬತ್ತು ಪಟ್ಟು ಹಿಗ್ಗಲಿಲ್ಲ. 6 × 9 ಇಂಚಿಗೆ ಇಳಿಸಿದೆ. ಗೋಡೆಯ ಫೋಟೋವನ್ನು ದೂರದಿಂದ ನೋಡೋದು, ಇಂಚಿಗೆ 150 ಚುಕ್ಕಿ ನಡೆಯುತ್ತೆ. ಆಗ ಎರಡೂಕಾಲು ಪಟ್ಟು ಹಿಗ್ಗಿಸಿದರೆ ಸಾಕು.

ಹನ್ನೊಂದನೇ ದಿನ ಮಾವ ಮೊಳೆ ಹೊಡೆಯುತ್ತ ಗೊಣಗಿದರು, ‘ಅಪ್ಪನ ಬಾಜೂಕ ಭಾಳ ಸಣ್ಣದಾತು.’

‘ಅವ್ವ ಇದ್ದದ್ದ ಸಣ್ಣಾಕಿ’ ಅಂದಳು ನಮ್ಮವ್ವ, ಹೂವಿನ ಹಾರವನ್ನು ಮಡಚಿ ಗಿಡ್ಡ ಮಾಡುತ್ತ.